ಆರು: ಎಲ್ಲಿ ತಾನಾಗಿ ಬಂತು, ಎಲ್ಲಿ ನಾವು ಕರೆದು ತಂದೆವು?

ಲೆಕ್ಕದಹುಚ್ಚು:
ಒಂದು ವಾರದಿಂದ ತಲೆಯಲ್ಲಿ ಒಂದೇ ಸಂಖ್ಯೆ ಕೂತಿದೆ. ಆರು. ಅಕ್ಕನ ಮಗಳು ಮಗ್ಗಿ ಬರೆಯುತ್ತಿದ್ದವಳು ತಲೆಯೆತ್ತಿ ಕೇಳಿದಳು: "1, 2, 3 ಕೂಡಿದರೂ ಆರು, ಗುಣಿಸಿದರೂ ಆರು. ಬೇರೆ ಯಾವ ಮೂರು ಸಂಖ್ಯೆಗಾದರೂ ಹೀಗೆ ಆಗುತ್ತಾ?"

ತಕ್ಷಣ ಉತ್ತರ ಹೊಳೆಯಲಿಲ್ಲ. ಇಬ್ಬರೂ ಕೂತು ಹುಡುಕಿದೆವು. ಸೊನ್ನೆ, ಭಿನ್ನರಾಶಿ ಮತ್ತು ಋಣ ಸಂಖ್ಯೆಗಳನ್ನು ಬಿಟ್ಟರೆ ಬೇರೆ ಯಾವುದೂ ಇಲ್ಲ. ಯಾಕೆ ಇಲ್ಲ ಅನ್ನುವುದನ್ನು ನಾಲ್ಕು ಮಾತಲ್ಲಿ ಹೇಳಬಹುದು. ಮೂರರಲ್ಲಿ ದೊಡ್ಡದನ್ನು ಪಕ್ಕಕ್ಕಿಡಿ. ಮೊತ್ತ ಹೆಚ್ಚೆಂದರೆ ಅದರ ಮೂರು ಪಟ್ಟು. ಗುಣಲಬ್ಧವೂ ಅಷ್ಟೇ ಆಗಬೇಕಾದರೆ ಉಳಿದ ಎರಡರ ಗುಣಲಬ್ಧ ಮೂರನ್ನು ದಾಟಬಾರದು. ಅಂದರೆ ಆ ಎರಡು 1 ಮತ್ತು 1, ಇಲ್ಲವೇ 1 ಮತ್ತು 2, ಇಲ್ಲವೇ 1 ಮತ್ತು 3. ಮೊದಲನೆಯದು ಆಗುವುದಿಲ್ಲ. ಯಾವ ಸಂಖ್ಯೆಯೂ ತನಗಿಂತ ಎರಡು ಹೆಚ್ಚಿರಲು ಸಾಧ್ಯವಿಲ್ಲ. ಉಳಿದ ಎರಡೂ ದಾರಿ 1, 2, 3ಕ್ಕೇ ಬಂದು ನಿಲ್ಲುತ್ತವೆ.

ಹಾಗಾದರೆ ಕೂಡುವುದೂ ಗುಣಿಸುವುದೂ ಮೂರು ಸಂಖ್ಯೆಗಳಲ್ಲಿ ಒಂದೇ ಒಂದು ಕಡೆ ಕೈ ಹಿಡಿಯುತ್ತವೆ. ಆ ಜಾಗದ ಹೆಸರು ಆರು. ಇದು ನನಗೆ ತುಂಬಾ ಹಿಡಿಸಿತು.

ಆಮೇಲೆ ಸುತ್ತ ನೋಡಿದರೆ ಆರು ಎಲ್ಲೆಲ್ಲೂ ಇದೆ. ಆರು ಋತು, ಆರು ಮುಖದ ದೇವರು, ಅರಿಷಡ್ವರ್ಗ, ಷಡ್ದರ್ಶನ, ವೇದಕ್ಕೆ ಆರು ಅಂಗ. ದಾಳಕ್ಕೆ ಆರು ಮುಖ. ಇವುಗಳಲ್ಲಿ ಯಾವುದು ಆರು ಆಗಲೇಬೇಕಿತ್ತು? ಯಾವುದನ್ನು ನಾವು ಇಷ್ಟಪಟ್ಟು ಆರು ಮಾಡಿದೆವು? ನಿಮಗೆ ಗೊತ್ತಿರುವುದನ್ನು ಬರೆಯಿರಿ.

ಜೇನುನೋಟ:
ಆಗಲೇಬೇಕಾದ ಆರು ಅಂದರೆ ನಾಣ್ಯದ ಆರು. ಒಂದೇ ಅಳತೆಯ ದುಂಡು ನಾಣ್ಯಗಳನ್ನು ತೆಗೆದುಕೊಳ್ಳಿ. ಒಂದನ್ನು ಮೇಜಿನ ಮೇಲಿಡಿ. ಅದಕ್ಕೆ ತಾಗುವಂತೆ ಸುತ್ತಲೂ ಇಡುತ್ತಾ ಹೋಗಿ. ಸರಿಯಾಗಿ ಆರು ಕೂರುತ್ತವೆ. ಸಂದು ಉಳಿಯುವುದಿಲ್ಲ, ಏಳನೆಯದಕ್ಕೆ ಜಾಗವೂ ಇಲ್ಲ. ಯಾವ ದೇಶದ ನಾಣ್ಯವಾದರೂ, ಯಾವ ಕಾಲದಲ್ಲಾದರೂ ಇದು ಬದಲಾಗುವುದಿಲ್ಲ.

ಜೇನುಗೂಡಿನ ಕಥೆಯ ಬೇರು ಇದೇ. ಬಾಹುಗಳೂ ಕೋನಗಳೂ ಸಮವಾಗಿರುವ ಒಂದೇ ಬಗೆಯ ಆಕಾರದಿಂದ ಸಮತಲವನ್ನು ಸಂದಿಲ್ಲದೆ ಮುಚ್ಚಬೇಕು ಅಂದರೆ ಮೂರೇ ಆಯ್ಕೆ: ತ್ರಿಭುಜ, ಚೌಕ, ಷಡ್ಭುಜ. ಒಂದು ಚದರ ಅಳತೆಯ ಕೋಣೆಗೆ ಎಷ್ಟು ಗೋಡೆ ಬೇಕು ನೋಡಿ. ತ್ರಿಭುಜಕ್ಕೆ ಸುಮಾರು 4.56, ಚೌಕಕ್ಕೆ 4, ಷಡ್ಭುಜಕ್ಕೆ 3.72. ಮೇಣ ಕಡಿಮೆ ಸಾಕು. ವಕ್ರ ಗೋಡೆ, ಬೇರೆ ಬೇರೆ ಆಕಾರ ಎಲ್ಲವನ್ನೂ ಸೇರಿಸಿದರೂ ಸಮಾನ ಕೋಣೆಗಳಿಗೆ ಷಡ್ಭುಜವೇ ಮಿತವ್ಯಯ ಅನ್ನುವುದಕ್ಕೆ ಸಾಧನೆ ಸಿಕ್ಕಿದ್ದು 1999ರಲ್ಲಿ, ಥಾಮಸ್ ಹೇಲ್ಸ್ ಅವರಿಂದ. ಗ್ರೀಕರ ಕಾಲದಿಂದ ಎಲ್ಲರೂ ನಂಬಿಕೊಂಡು ಬಂದ ಮಾತು ಗಣಿತದಲ್ಲಿ ಗಟ್ಟಿಯಾಗಲು ಅಷ್ಟು ಕಾಲ ಬೇಕಾಯಿತು.

ಹಿಮದ ಹರಳಿಗೂ ಆರು ಕೈ. ಅದೇಕೆ ಯಾವಾಗಲೂ ಆರು, ಐದು ಅಥವಾ ಏಳು ಯಾಕಲ್ಲ ಅಂತ ಕೆಪ್ಲರ್ 1611ರಲ್ಲಿ ಒಂದು ಪುಟ್ಟ ಪುಸ್ತಕವನ್ನೇ ಬರೆದ. ಅವನಿಗೆ ಪೂರ್ತಿ ಉತ್ತರ ಸಿಗಲಿಲ್ಲ, ಸಿಗುವಂತೆಯೂ ಇರಲಿಲ್ಲ. ಅಣುಗಳ ಜೋಡಣೆ ಆಗ ಯಾರಿಗೂ ಗೊತ್ತಿರಲಿಲ್ಲ. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಆರಾರರ ಬಳೆಗಳಾಗಿ ಕೈ ಹಿಡಿಯುತ್ತವೆ. ಕಣ್ಣಿಗೆ ಕಾಣದ ಆ ಬಳೆಯೇ ಬೆಳೆದು ಕಣ್ಣಿಗೆ ಕಾಣುವ ಹರಳಾಗುತ್ತದೆ.

ಭಾಮಿನಿಓದುಗ:
ಜೇನಿನ ಮಾತು ಬಂತಲ್ಲ, ಭಾಷೆಯ ಕಡೆಯಿಂದ ಒಂದು ಸೇರಿಸುತ್ತೇನೆ. ಹಳಗನ್ನಡದಲ್ಲಿ ದುಂಬಿಗೆ 'ಆರಡಿ' ಅನ್ನುತ್ತಾರೆ. ಆರು ಅಡಿ, ಅಂದರೆ ಆರು ಕಾಲು. ಸಂಸ್ಕೃತದ 'ಷಟ್ಪದ'ವೂ ದುಂಬಿಯೇ. ನಮ್ಮ ಷಟ್ಪದಿಯೂ ಆರು ಪಾದದ್ದು. ಆರು ಕಾಲಿನ ಹುಳ, ಆರು ಮೂಲೆಯ ಗೂಡು, ಆರು ಸಾಲಿನ ಪದ್ಯ. ಇದು ಕಾಕತಾಳೀಯ ಅಂತ ಗೊತ್ತಿದ್ದೂ ನನಗೆ ಖುಷಿಯಾಗುತ್ತದೆ.

'ಆರು' ಅನ್ನುವ ಪದವೇ ಚೆಂದ. ಸಂಖ್ಯೆಯೂ ಹೌದು, ದೀಪ ಆರಿತು ಅನ್ನುವ ಕ್ರಿಯೆಯೂ ಹೌದು. ಹಳೆಯ ಪದ್ಯಗಳಲ್ಲಿ 'ಯಾರು' ಅನ್ನುವುದಕ್ಕೂ 'ಆರು' ಅಂತಲೇ ಬರುತ್ತದೆ. ತಮಿಳು, ತೆಲುಗಿನಲ್ಲೂ ಈ ಸಂಖ್ಯೆ ಆರೇ. ತುಳುವಿನಲ್ಲಿ ಆಜಿ. ಏಳು, ಎಂಟು ನೋಡಿದರೂ ಇಂಥದ್ದೇ ನೆಂಟಸ್ತಿಕೆ ಕಾಣುತ್ತದೆ, ಆದರೆ ಮೂರು ಅರ್ಥ ಹೊತ್ತ ಸಂಖ್ಯೆ ಇದೊಂದೇ ಇರಬೇಕು ಅಲ್ವಾ?

ಸುಮ್ನೆಓದೋಳು:
'ಏಳು' ಅಂದರೆ ಎದ್ದೇಳು ಅಂತಲೂ ಆಗುತ್ತದೆ. ಹಾಗಾಗಿ ಇದೊಂದೇ ಅನ್ನಬೇಡಿ. ಆದರೆ ಮೂರು ಅರ್ಥದ ಲೆಕ್ಕದಲ್ಲಿ ಆರು ಮುಂದಿದೆ, ಒಪ್ಪಿದೆ.

ನನ್ನ ತಕರಾರು ಬೇರೆ. ಯಾವ ಸಂಖ್ಯೆಯನ್ನು ಹಿಡಿದರೂ ಇಷ್ಟೇ ಉದ್ದದ ಪಟ್ಟಿ ಮಾಡಬಹುದು. ಏಳಕ್ಕೆ ವಾರ, ಸ್ವರ, ಸಪ್ತರ್ಷಿ. ಐದಕ್ಕೆ ಬೆರಳು, ಭೂತ, ಪಾಂಡವರು. ವರ್ಷವನ್ನು ಆರು ಋತು ಮಾಡಿದ್ದು ನಾವು. ಅದೇ ವರ್ಷವನ್ನು ನಾಲ್ಕು ಮಾಡಿದವರೂ ಇದ್ದಾರೆ, ಮೂರು ಮಾಡಿದವರೂ ಇದ್ದಾರೆ. ಸೂರ್ಯನಿಗೆ ಇದು ಯಾವುದೂ ಗೊತ್ತಿಲ್ಲ. ಜೇನುಗೂಡು ಮತ್ತು ಋತುವನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಜೇನುಗೂಡಿಗೆ ಅನ್ಯಾಯ.

ಲೆಕ್ಕದಹುಚ್ಚು:
ಅದೇ ನನ್ನ ಪ್ರಶ್ನೆಯೂ. ಬೇರ್ಪಡಿಸೋಣ ಅಂತಲೇ ಶುರು ಮಾಡಿದ್ದು.

ನಿವೃತ್ತಮೇಷ್ಟ್ರು:
ಆರನ್ನು 'ಪರಿಪೂರ್ಣ ಸಂಖ್ಯೆ' ಅನ್ನುತ್ತಾರೆ. ಆರನ್ನು ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳು 1, 2, 3. ಕೂಡಿದರೆ ಮತ್ತೆ ಆರು. ಇಂಥ ಸಂಖ್ಯೆಗಳಲ್ಲಿ ಇದು ಮೊದಲನೆಯದು. ಮುಂದಿನವು 28, 496, 8128. ಎಷ್ಟು ವಿರಳ ನೋಡಿ. 2024ರಲ್ಲಿ ಸಿಕ್ಕಿದ್ದನ್ನೂ ಸೇರಿಸಿ ಮನುಷ್ಯರಿಗೆ ಗೊತ್ತಿರುವುದು ಒಟ್ಟು 52. ಎಲ್ಲವೂ ಸಮ ಸಂಖ್ಯೆಗಳೇ. ಬೆಸ ಪರಿಪೂರ್ಣ ಸಂಖ್ಯೆ ಇದೆಯೋ ಇಲ್ಲವೋ ಅನ್ನುವುದು ಎರಡು ಸಾವಿರ ವರ್ಷ ದಾಟಿದರೂ ಬಗೆಹರಿದಿಲ್ಲ.

ಸಂಖ್ಯೆಯ ಗುಣವನ್ನು ನಂಬಿಕೆಗೆ ಜೋಡಿಸಿದವರಲ್ಲಿ ಸಂತ ಅಗಸ್ಟೀನ್ ಒಬ್ಬ. ದೇವರು ಲೋಕವನ್ನು ಆರು ದಿನದಲ್ಲಿ ಮಾಡಿದ್ದು ಆರು ಪರಿಪೂರ್ಣ ಅನ್ನುವ ಕಾರಣಕ್ಕೆ ಅಂತ ಅವನ ವಾದ. ಆರು ದಿನ ಹಿಡಿದಿದ್ದರಿಂದ ಆರು ಪರಿಪೂರ್ಣವಾಗಲಿಲ್ಲ, ಮೊದಲೇ ಪರಿಪೂರ್ಣವಾಗಿತ್ತು ಅನ್ನುತ್ತಾನೆ. ಅವನ ನಂಬಿಕೆ ನಮ್ಮದಾಗಬೇಕಿಲ್ಲ. ಆದರೆ ಗಣಿತ ಮೊದಲು, ಆಮೇಲೆ ಉಳಿದದ್ದು ಅನ್ನುವ ಆ ಕ್ರಮ ಗಮನಿಸಬೇಕಾದದ್ದು.

ನಮ್ಮ ಕಡೆಯ ಒಂದು ಉದಾಹರಣೆ ನನಗೆ ಇನ್ನೂ ಪ್ರಿಯ. 9ನೇ ಶತಮಾನ, ರಾಷ್ಟ್ರಕೂಟ ಅಮೋಘವರ್ಷನ ಕಾಲ. ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಲ್ಲಿ ಆಯ್ಕೆಗಳನ್ನು ಎಣಿಸುವ ಸೂತ್ರವೇ ಇದೆ. ಅದಕ್ಕೆ ಉದಾಹರಣೆ ಕೊಡಲು ಅವನು ಎತ್ತಿಕೊಳ್ಳುವುದು ಆರು ರಸಗಳನ್ನು, ಅಂದರೆ ರುಚಿಗಳನ್ನು. ಒಂದೊಂದೇ ತೆಗೆದುಕೊಂಡರೆ 6, ಎರಡೆರಡು ಬೆರೆಸಿದರೆ 15, ಮೂರು ಮೂರು 20, ನಾಲ್ಕು ನಾಲ್ಕು 15, ಐದು ಐದು 6, ಎಲ್ಲವೂ ಸೇರಿ 1. ಒಟ್ಟು 63. ಸುಶ್ರುತನ ವೈದ್ಯದಲ್ಲೂ ಇದೇ 63 ಇದೆ. ರುಚಿ ಆರು ಅಂತ ಆರಿಸಿದ್ದು ಮನುಷ್ಯ. ಆರು ಅಂತ ಆದ ಮೇಲೆ 63 ಬರಲೇಬೇಕು. ಆಯ್ಕೆ ಎಲ್ಲಿ ಮುಗಿದು ಕಟ್ಟಳೆ ಎಲ್ಲಿ ಶುರುವಾಗುತ್ತದೆ ಅನ್ನುವುದು ಇಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ.

ಇನ್ನೊಂದು. ಹಳೆಯ ಶಾಸನ ಮತ್ತು ಜ್ಯೋತಿಷ ಗ್ರಂಥಗಳಲ್ಲಿ ಅಂಕಿಯ ಬದಲು ಪದ ಬಳಸುವ ರೂಢಿ ಇತ್ತು. 'ರಸ', 'ಋತು', 'ಅಂಗ' ಅಂದರೆ ಆರು. ಅಂದರೆ ಆ ಹೊತ್ತಿಗೆ ಈ ಪಟ್ಟಿಗಳು ಎಷ್ಟು ಗಟ್ಟಿಯಾಗಿದ್ದವು ಅಂದರೆ, ಪದ ಕೇಳಿದರೆ ಸಂಖ್ಯೆ ಹೊಳೆಯುತ್ತಿತ್ತು.

ಸುಮ್ನೆಓದೋಳು:
63ರ ಉದಾಹರಣೆ ತುಂಬಾ ಇಷ್ಟವಾಯಿತು ಮೇಷ್ಟ್ರೇ. 'ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ' ಅನ್ನುವುದನ್ನು ಯಾರೂ ಎತ್ತಲಿಲ್ಲವಲ್ಲ! ಇದ್ದ ಹಾಗೇ ಇದೆ ಅನ್ನಲು ದಿನಾ ಬಳಸುತ್ತೇವೆ. ಆರು ಮೇಲಿನ ಮೆಟ್ಟಿಲು, ಮೂರು ಕೆಳಗಿನದು. ಆರರ ಅರ್ಧ ಮೂರು. ಹೇಳಲು ಬಾಯಿಗೂ ಸುಲಭ, ಕಿವಿಗೂ ತಾಳ.

ಜೇನುನೋಟ:
ಕ್ರಿಕೆಟ್ ಓವರ್ ಸೇರಿಸಿ, ಪೂರ್ತಿ ಆಯ್ಕೆಯ ಆರು. ಇಂಗ್ಲೆಂಡಿನಲ್ಲಿ ಮೊದಲು ಓವರಿಗೆ ನಾಲ್ಕು ಚೆಂಡು, 1889ರಿಂದ ಐದು, 1900ರಿಂದ ಆರು. ಆಸ್ಟ್ರೇಲಿಯಾದಲ್ಲಿ 1978-79ರವರೆಗೂ ಎಂಟು. ಎಲ್ಲ ಟೆಸ್ಟುಗಳಲ್ಲೂ ಆರೇ ಅಂತ ಆಗಿದ್ದು ಅದರ ಮುಂದಿನ ವರ್ಷದಿಂದ.

ಲೆಕ್ಕದಹುಚ್ಚು:
ಆಗಲೇಬೇಕಾದ ಆರಿಗೆ ನಾನು ಒಂದು ಕೊಡುತ್ತೇನೆ. ಇದರಲ್ಲಿ ಆಕಾರ ಇಲ್ಲ, ಅಳತೆ ಇಲ್ಲ. ಬರೀ ಮನುಷ್ಯರು.

ಯಾವುದೇ ಆರು ಜನರನ್ನು ಒಂದು ಕೋಣೆಯಲ್ಲಿ ಕೂರಿಸಿ. ಅವರಲ್ಲಿ ಒಬ್ಬರಿಗೊಬ್ಬರು ಪರಿಚಯವಿರುವ ಮೂವರು ಇದ್ದೇ ಇರುತ್ತಾರೆ. ಅದಿಲ್ಲದಿದ್ದರೆ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಮೂವರು ಇರುತ್ತಾರೆ. ಎರಡರಲ್ಲಿ ಒಂದು ತಪ್ಪುವುದಿಲ್ಲ.

ಹೇಗೆ? ಆರರಲ್ಲಿ ಒಬ್ಬಳನ್ನು ಆರಿಸಿ. ಉಳಿದವರು ಐದು ಜನ. ಆ ಐವರಲ್ಲಿ ಕನಿಷ್ಠ ಮೂವರು ಅವಳಿಗೆ ಪರಿಚಯದವರು, ಇಲ್ಲವೇ ಕನಿಷ್ಠ ಮೂವರು ಅಪರಿಚಿತರು. ಮೂವರು ಪರಿಚಯದವರು ಅನ್ನೋಣ. ಆ ಮೂವರಲ್ಲಿ ಯಾರಾದರೂ ಇಬ್ಬರಿಗೆ ಪರಿಚಯ ಇದ್ದರೆ, ಅವಳನ್ನೂ ಸೇರಿಸಿ ಮೂವರ ಗುಂಪು ಸಿಕ್ಕಿತು. ಯಾರಿಗೂ ಇಲ್ಲದಿದ್ದರೆ ಆ ಮೂವರೇ ಅಪರಿಚಿತರ ಗುಂಪು. ಇನ್ನೊಂದು ಕಡೆಗೂ ಇದೇ ಮಾತು.

ಐದು ಜನರಿಗೆ ಇದು ನಿಲ್ಲುವುದಿಲ್ಲ. ಐವರನ್ನು ದುಂಡಗೆ ಕೂರಿಸಿ, ಪ್ರತಿಯೊಬ್ಬರಿಗೂ ಅಕ್ಕಪಕ್ಕದವರು ಮಾತ್ರ ಗೊತ್ತು ಅಂತಿಟ್ಟುಕೊಳ್ಳಿ. ಎರಡೂ ಬಗೆಯ ಮೂವರು ಸಿಗುವುದಿಲ್ಲ. ಅಂದರೆ ಐದರಿಂದ ಆರಕ್ಕೆ ಕಾಲಿಟ್ಟ ಕ್ಷಣ ಗೊಂದಲದೊಳಗೆ ಒಂದು ಕ್ರಮ ಹುಟ್ಟುತ್ತದೆ. ಮೂವರ ಬದಲು ನಾಲ್ವರ ಗುಂಪು ಬೇಕಾದರೆ 18 ಜನ ಬೇಕು. ಐವರ ಗುಂಪಿಗೆ? ಉತ್ತರ 43ಕ್ಕಿಂತ ಕಡಿಮೆ ಇಲ್ಲ, 46ಕ್ಕಿಂತ ಜಾಸ್ತಿ ಇಲ್ಲ. ಸರಿಯಾಗಿ ಎಷ್ಟು ಅಂತ ಇವತ್ತಿಗೂ ಯಾರಿಗೂ ತಿಳಿದಿಲ್ಲ.

ನಿವೃತ್ತಮೇಷ್ಟ್ರು:
ಚೆನ್ನಾಗಿ ಬಿಡಿಸಿ ಹೇಳಿದಿರಿ. ಆರರ ಬಗ್ಗೆ ನಾವು ಬರೀ ಹೊಗಳಿಕೆ ಬರೆಯುತ್ತಿದ್ದೇವೆ. ಆರು ಸೋಲುವ ಒಂದು ಜಾಗವನ್ನೂ ಹೇಳಬೇಕು, ನನ್ನ ಪ್ರಕಾರ ಆರರ ಅತ್ಯಂತ ವಿಚಿತ್ರ ಗುಣ ಅದೇ.

ಆಯ್ಲರ್ 1782ರಲ್ಲಿ ಪ್ರಕಟಿಸಿದ ಸಮಸ್ಯೆ. ಆರು ದಳ, ಪ್ರತಿ ದಳದಿಂದ ಆರು ಬೇರೆ ಬೇರೆ ಹುದ್ದೆಯ ಅಧಿಕಾರಿಗಳು. ಒಟ್ಟು 36 ಜನ. ಇವರನ್ನು ಆರು ಸಾಲು ಆರು ಕಂಬವಾಗಿ ನಿಲ್ಲಿಸಬೇಕು. ಯಾವ ಸಾಲಿನಲ್ಲೂ ಯಾವ ಕಂಬದಲ್ಲೂ ಒಂದೇ ದಳ ಎರಡು ಸಲ ಬರಬಾರದು, ಒಂದೇ ಹುದ್ದೆಯೂ ಎರಡು ಸಲ ಬರಬಾರದು. ಮೂರಕ್ಕೆ ಮಾಡಬಹುದು. ನಾಲ್ಕು, ಐದು, ಏಳು, ಎಂಟು, ಒಂಬತ್ತಕ್ಕೂ ಮಾಡಬಹುದು. ಆರಕ್ಕೆ ಆಗುವುದೇ ಇಲ್ಲ. ಆಯ್ಲರ್‌ಗೆ ಅನುಮಾನವಿತ್ತು, ಸಾಧನೆ ಇರಲಿಲ್ಲ. 1901ರಲ್ಲಿ ಗ್ಯಾಸ್ಟನ್ ಟೆರಿ ಎಲ್ಲ ಸಾಧ್ಯತೆಗಳನ್ನೂ ಕೈಯಲ್ಲೇ ಪರೀಕ್ಷಿಸಿ ಆಗುವುದಿಲ್ಲ ಅಂತ ತೋರಿಸಿದ.

2, 6, 10, 14, ಹೀಗೆ ನಾಲ್ಕರಿಂದ ಭಾಗಿಸಿದರೆ ಎರಡು ಉಳಿಯುವ ಯಾವ ಸಂಖ್ಯೆಗೂ ಆಗದು ಅಂತ ಆಯ್ಲರ್ ಊಹಿಸಿದ್ದ. ಆ ಊಹೆ ಸುಮಾರು 177 ವರ್ಷ ಉಳಿಯಿತು. 1959ರಲ್ಲಿ ಆರ್. ಸಿ. ಬೋಸ್ ಮತ್ತು ಎಸ್. ಎಸ್. ಶ್ರೀಖಂಡೆ, ಇಬ್ಬರೂ ಭಾರತೀಯರು, 22ಕ್ಕೆ ಮಾಡಿ ತೋರಿಸಿದರು. ಇ. ಟಿ. ಪಾರ್ಕರ್ 10ಕ್ಕೆ ಮಾಡಿದರು. ಆಮೇಲೆ ಮೂವರೂ ಸೇರಿ 2 ಮತ್ತು 6 ಬಿಟ್ಟು ಉಳಿದ ಎಲ್ಲಕ್ಕೂ ಆಗುತ್ತದೆ ಅಂತ ಸಾಧಿಸಿದರು. ಎರಡು ತೀರಾ ಚಿಕ್ಕದು, ಅದನ್ನು ಬಿಡಿ. ಹಾಗಾದರೆ ಇಡೀ ಸಂಖ್ಯೆಗಳ ಸಾಲಿನಲ್ಲಿ ಒಂಟಿಯಾಗಿ ನಿಂತದ್ದು ಆರು.

ಕಥೆ ಅಲ್ಲಿಗೂ ನಿಲ್ಲಲಿಲ್ಲ. 2022ರಲ್ಲಿ ಐಐಟಿ ಮದ್ರಾಸ್ ಮತ್ತು ಪೋಲೆಂಡಿನ ಸಂಶೋಧಕರು ಸೇರಿ, ಅಧಿಕಾರಿಗಳನ್ನು ಕ್ವಾಂಟಮ್ ಸ್ಥಿತಿಗಳು ಅಂತ ತೆಗೆದುಕೊಂಡರೆ ಆರಕ್ಕೂ ಉತ್ತರವಿದೆ ಅಂತ ಪ್ರಕಟಿಸಿದರು.

ಸುಮ್ನೆಓದೋಳು:
ಪರಿಪೂರ್ಣ ಅನ್ನಿಸಿಕೊಂಡ ಸಂಖ್ಯೆಯೇ ಇಲ್ಲಿ ಆಗುವುದಿಲ್ಲ ಅನ್ನುತ್ತದೆ! ಇದು ನನಗೆ ಗೊತ್ತೇ ಇರಲಿಲ್ಲ. ಈಗ ಆರಿನ ಮೇಲೆ ನಿಜವಾಗಿ ಪ್ರೀತಿ ಬಂತು.

ಭಾಮಿನಿಓದುಗ:
ಎರಡು ದಿನದಿಂದ ಷಟ್ಪದಿಯ ಮಾತ್ರೆ, ಅಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ, ಎಣಿಸುತ್ತಾ ಕೂತಿದ್ದೇನೆ. ಷಟ್ಪದಿಯಲ್ಲಿ ಆರು ಸಾಲು, ಮತ್ತೆ ಬಗೆಗಳೂ ಆರು: ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ. ಕುಮಾರವ್ಯಾಸನ ಭಾರತ ಭಾಮಿನಿಯಲ್ಲಿದೆ. ಲಕ್ಷ್ಮೀಶನ ಜೈಮಿನಿ ಭಾರತ ವಾರ್ಧಕದಲ್ಲಿದೆ. ಒಂದು, ಎರಡು, ನಾಲ್ಕು, ಐದನೇ ಸಾಲು ಚಿಕ್ಕವು, ಸಮ. ಮೂರು ಮತ್ತು ಆರನೇ ಸಾಲು ಚಿಕ್ಕದರ ಒಂದೂವರೆ ಪಟ್ಟು.

ಭಾಮಿನಿಯ ಚಿಕ್ಕ ಸಾಲು 3-4-3-4, ಅಂದರೆ 14. ದೊಡ್ಡದು 21. ನಾಲ್ಕು ಚಿಕ್ಕವು 56, ಎರಡು ದೊಡ್ಡವು 42, ಒಟ್ಟು 98. ಅಂದರೆ ಏಳು ಹದಿನಾಲ್ಕು! ಆರು ಸಾಲಿನ ಪದ್ಯದ ಹೊಟ್ಟೆಯೊಳಗೆ ಏಳು ಸಾಲಿನ ತೂಕ ಇದೆ.

ನಿವೃತ್ತಮೇಷ್ಟ್ರು:
ಮೂರನೆಯ ಮತ್ತು ಆರನೆಯ ಸಾಲಿನ ಕೊನೆಯ ಗುರುವನ್ನು ಬಿಟ್ಟಿದ್ದೀರಿ. ಅದಕ್ಕೆ ತಲಾ ಎರಡು ಮಾತ್ರೆ. ದೊಡ್ಡ ಸಾಲು 23, ಒಟ್ಟು 102.

ಭಾಮಿನಿಓದುಗ:
ಹೌದು, ತಿದ್ದಿದ್ದಕ್ಕೆ ವಂದನೆ. ಆದರೆ ಏಳರ ಮಾತು ಉಳಿಯುತ್ತದೆ. ಚಿಕ್ಕ ಸಾಲಿನ ಏಳು ಪಟ್ಟು, ಮೇಲೆ ಆ ಎರಡು ಗುರುಗಳ ನಾಲ್ಕು. ಎಲ್ಲಕ್ಕೂ ಇದೇ ಲೆಕ್ಕ. ಈಗ ಸಾಲಾಗಿ ಬರೆಯುತ್ತೇನೆ: ಶರ 60, ಕುಸುಮ 74, ಭೋಗ 88, ಭಾಮಿನಿ 102, ಪರಿವರ್ಧಿನಿ 116, ವಾರ್ಧಕ 144.

ಲೆಕ್ಕದಹುಚ್ಚು:
ತಡೆಯಿರಿ. 60ರಿಂದ 116ರವರೆಗೆ ಒಂದೊಂದಕ್ಕೂ 14ರ ಹೆಜ್ಜೆ. ಕೊನೆಯಲ್ಲಿ ಒಮ್ಮೆಲೇ 28. ನಡುವೆ 130 ಇರಬೇಕಿತ್ತು! ಚಿಕ್ಕ ಸಾಲಿಗೆ 18 ಮಾತ್ರೆ ಇರುವ ಒಂದು ಷಟ್ಪದಿಯ ಜಾಗ ಖಾಲಿ ಇದೆ.

ಭಾಮಿನಿಓದುಗ:
ನಾನೂ ಅದನ್ನೇ ನೋಡುತ್ತಾ ಕೂತೆ. 18 ಅಂದರೆ 4-5-4-5. ನಡಿಗೆಗಳ ಕಡೆಯಿಂದ ನೋಡಿದರೆ ಇನ್ನೂ ಸ್ಪಷ್ಟ. ಭೋಗ ಮೂರರ ನಡೆ, ಪರಿವರ್ಧಿನಿ ನಾಲ್ಕರದು, ವಾರ್ಧಕ ಐದರದು, ಭಾಮಿನಿ ಮೂರು ನಾಲ್ಕು ಬೆರೆತ ಏಳರದು. ತಾಳದ ಮಾತಲ್ಲಿ ತಿಶ್ರ, ಚತುರಶ್ರ, ಖಂಡ, ಮಿಶ್ರ. ಉಳಿದದ್ದು ಸಂಕೀರ್ಣ, ಅಂದರೆ ಒಂಬತ್ತು, ನಾಲ್ಕೂ ಐದೂ ಸೇರಿದ್ದು. ಖಾಲಿ ಇರುವುದು ಸರಿಯಾಗಿ ಅದೇ. ಶರ ಅನ್ನುವುದು ಪರಿವರ್ಧಿನಿಯ ಅರ್ಧ, ಕುಸುಮ ವಾರ್ಧಕದ ಅರ್ಧ. ಭೋಗದ ಅರ್ಧವೂ ಇಲ್ಲ, ಭಾಮಿನಿಯ ಅರ್ಧವೂ ಇಲ್ಲ.

ಸುಮ್ನೆಓದೋಳು:
ಅಂದರೆ ಷಟ್ಪದಿಯಲ್ಲಿ ಬಗೆಗಳು ಆರು ಅನ್ನುವುದು ಕಟ್ಟಳೆಯಲ್ಲ. ಲೆಕ್ಕದ ಪ್ರಕಾರ ಇನ್ನೂ ಜಾಸ್ತಿ ಆಗಬಹುದಿತ್ತು. ಹಾಡಲು ಹಿತವಾದವು ಉಳಿದವು, ಉಳಿದದ್ದನ್ನು ಎಣಿಸಿದಾಗ ಆರು ಬಂತು. ಜೇನುಗೂಡಿನ ಆರು ಬೇರೆ, ಇದು ಬೇರೆ.

ಭಾಮಿನಿಓದುಗ:
ಒಪ್ಪುತ್ತೇನೆ. ಆದರೆ ಕಿವಿಯ ಆಯ್ಕೆ ಅಂದರೆ ಸುಮ್ನೆ ಆಯ್ಕೆ ಅಲ್ಲ. 3-4ರಲ್ಲಿ ಚಿಕ್ಕ ಹೆಜ್ಜೆಯ ಹಿಂದೆ ತುಸು ದೊಡ್ಡ ಹೆಜ್ಜೆ ಬರುತ್ತದೆ, ವ್ಯತ್ಯಾಸ ಕಿವಿಗೆ ತಕ್ಷಣ ಗೊತ್ತಾಗುತ್ತದೆ. 4-5ರಲ್ಲಿ ಆ ವ್ಯತ್ಯಾಸ ಮಸುಕು. ಐದು ಮುಗಿಯುವಾಗ ನಾಲಿಗೆ ಎಡವುತ್ತದೆ. ಇದು ನನಗೆ ಓದಿ ಗೊತ್ತಾದದ್ದಲ್ಲ. ನಿನ್ನೆ ರಾತ್ರಿ 4-5ರಲ್ಲಿ ಬರೆಯಲು ಕೂತು ಗೊತ್ತಾದದ್ದು. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದ ಪ್ರಾಸ, ಬಿಟ್ಟಿಲ್ಲ. ಆರು, ಯಾರು, ದೀಪ ಆರುವುದು, ಮೂರನ್ನೂ ಒಳಗೆ ತರಬೇಕು ಅಂತ ಆಸೆಯಿತ್ತು. ಮೂರು ಸಾಲು ಆಯಿತು:

ಆರಡಿ ಹಾರುತಿದೆ ಹೂವಿನ ಹುಡಿಯೊಳಗೆ
ಆರನು ಕೂಗುತಿದೆ ತೋಟದ ನಡುವಿನಲಿ
ಸೇರಿದ ಸಂಜೆಯಲಿ ದೀಪವು ಆರಿದರೆ ದಾರಿಯ ತೋರುವರು ಯಾರ್

ಮಾತ್ರೆ ಎಣಿಸಿ ನೋಡಿ: 18, 18, 29. ಜೋರಾಗಿ ಓದಿದರೆ ಎಡವುವ ಜಾಗ ನಿಮಗೂ ಸಿಗುತ್ತದೆ. ಐದಾರು ಸಲ ಓದಿದ ಮೇಲೆ ಮಾತ್ರ ನಡಿಗೆ ಹಿಡಿತಕ್ಕೆ ಬಂತು. ಇನ್ನು ಮೂರು ಸಾಲು ಸೇರಿದರೆ 130 ತುಂಬುತ್ತದೆ. ಯಾರಾದರೂ ಕೈ ಜೋಡಿಸುತ್ತೀರಾ?

ನಿವೃತ್ತಮೇಷ್ಟ್ರು:
ಎಣಿಸಿದೆ, ಸರಿ ಇದೆ. ಎರಡನೇ ಸಾಲಿನಲ್ಲಿ 'ತೋಟದ' ಅನ್ನುವಲ್ಲಿ ನನಗೂ ಉಸಿರು ತಪ್ಪಿತು. ಮೂರನೇ ಸಾಲು ಮಾತ್ರ ಹರಿಯಿತು.

ಸುಮ್ನೆಓದೋಳು:
ನಾನು ಪದ್ಯ ಬರೆಯುವವಳಲ್ಲ. ಆದರೆ ಬೆರಳಲ್ಲಿ ಎಣಿಸಿಕೊಂಡು ನಾಲ್ಕನೆಯದನ್ನು ಪ್ರಯತ್ನಿಸಿದೆ. ದಾರಿ ತೋರುವವರು ಯಾರು ಅಂತ ಕೇಳಿದ್ದೀರಲ್ಲ, ಅದಕ್ಕೆ:

ನೀರಿನ ಅಲೆಗಳಲಿ ಮೂಡಿದ ಚಂದಿರನು

18 ಬಂತು. ಇನ್ನೆರಡು ಸಾಲು ಬಾಕಿ ಇದೆ.